ಡಿವಿಡೆಂಡಪ್ಪನವರು

ಬೀದಿಗೊಬ್ಬರು ಡಿವಿಡೆಂಡಪ್ಪ ಇದ್ದೇ ಇರುತ್ತಾರೆ. ನಮ್ಮ ಶೆಟ್ಟಿಹಳ್ಳಿಯ ಡಿವಿಡೆಂಡಪ್ಪನವರು ನನ್ನ ಎದುರು ಮನೆಯಲ್ಲೇ ಇರುವುದು ನನ್ನ ಪ್ರಾರಬ್ಧ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಕೈಯಲ್ಲಿ ಈಗಲೂ ಕೀ ಕೊಡುವ ಎಚ್‌ಎಂಟಿ ವಾಚು. ಅದು ಒಂಬತ್ತೂಕಾಲು ತೋರಿಸಿತೆಂದರೆ ಷೇರುಪೇಟೆ ತೆರೆಯಿತು. ಆಮೇಲೆ ಅವರ ಗೇಟಿನ ಮುಂದೆ ಹಾಯುವವರ ಪಾಡು ದೇವರಿಗೇ ಪ್ರೀತಿ.

ಮೊದಲೆಲ್ಲ ಬಿ.ಎಚ್. ರಸ್ತೆಯ ಬ್ರೋಕರ್ ಆಫೀಸಿಗೆ ಹೋಗಿ, ನೂರಕ್ಕೆ ಐವತ್ತು ಪೈಸೆ ಕಮಿಷನ್ ಕೊಟ್ಟು, ಗೊಣಗುತ್ತ ಬರುತ್ತಿದ್ದರು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೆರೋಧಾ ಎಂಬ ಬ್ರೋಕರ್ ಕಂಪನಿ, 2015ರ ಕೊನೆಗೆ, ಕೊಂಡು ಇಟ್ಟುಕೊಳ್ಳುವ ಷೇರಿಗೆ ಬ್ರೋಕರೇಜೇ ಬೇಡ ಎಂದಿತು. ಅಂಥ ಆ್ಯಪುಗಳು ಮೊಬೈಲಿಗೆ ಇಳಿದದ್ದೇ ತಡ, ಇವರು ಸಿಕ್ಕ ಸಿಕ್ಕ ಕಂಪನಿಯಲ್ಲಿ ಒಂದೊಂದು ಷೇರು ಕೊಂಡರು. ಅಮ್ಮಸಂದ್ರದ ಮೈಸೂರು ಸಿಮೆಂಟ್ಸನ್ನು ಜರ್ಮನಿಯ ಹೈಡೆಲ್‌ಬರ್ಗ್ ಕೊಂಡುಕೊಂಡಿದೆಯಲ್ಲ, ಜಿಲ್ಲಾಭಿಮಾನಕ್ಕೆ ಅದರಲ್ಲೂ ಒಂದು.

ಒಂದು ಮಧ್ಯಾಹ್ನ ಓಡಿ ಬಂದರು. "ಮೇಷ್ಟ್ರೇ, ಐನೂರು ರೂಪಾಯಿ ಷೇರು, ಎಂಟು ರೂಪಾಯಿ ಡಿವಿಡೆಂಡು, ನಾಳೆ ಎಕ್ಸ್-ಡೇಟು, ನಾಳೆಯಿಂದ ಕೊಂಡೋರಿಗೆ ಡಿವಿಡೆಂಡಿಲ್ಲ! ಇವತ್ತು ತಗೊಂಡು ನಾಡಿದ್ದು ಮಾರಿದ್ರೆ ಎಂಟು ರೂಪಾಯಿ ಬಿಟ್ಟಿ. ಬ್ರೋಕರೇಜ್ ಸೊನ್ನೆ!" ಹತ್ತು ಷೇರು ಕೊಂಡೇ ಬಿಟ್ಟರು. ಮರುದಿನ ಬೆಲೆ 492ಕ್ಕೆ ತೆರೆಯಿತು. ಕಾಯಿ ಇಳಿಸಿದ ಮೇಲೂ ತೆಂಗಿನಮರ ಗೊನೆಯ ಲೆಕ್ಕದಲ್ಲೇ ಮಾರಾಟವಾಗಬೇಕೆಂದರೆ ಗುಬ್ಬಿ ಕಡೆಯ ಯಾವ ರೈತ ಒಪ್ಪುತ್ತಾನೆ? ಇವರು ಮಾತ್ರ ಬೆಲೆ ಇಳಿದದ್ದನ್ನು ಒಪ್ಪಲಿಲ್ಲ. "ಆಪರೇಟರ್‌ಗಳ ಕೈವಾಡ" ಎಂದರು. ನಾಡಿದ್ದು ಅದೇ ಬೆಲೆಗೆ ಮಾರಿದರು.

ಬರಬೇಕಾದ ಡಿವಿಡೆಂಡು ₹80, ಬೆಲೆಯಲ್ಲಿ ಹೋದದ್ದೂ ₹80. ಕೊಂಡಾಗ, ಮಾರಿದಾಗ ಸರ್ಕಾರದ ತೆರಿಗೆ ಎಸ್‌ಟಿಟಿ ಸುಮಾರು ₹10. ಅದರ ಮೇಲೆ ಡಿಮ್ಯಾಟ್ ಖಾತೆಯಿಂದ ಷೇರು ತೆಗೆದದ್ದಕ್ಕೆ ಡಿಪಿ ಚಾರ್ಜು ₹15 ಚಿಲ್ಲರೆ. ಆ ಹದಿನೈದಕ್ಕಾಗಿ ಕಸ್ಟಮರ್ ಕೇರಿಗೆ ಫೋನು, ನಮ್ಮ ಜಗಲಿಯಲ್ಲಿ, ಸ್ಪೀಕರ್ ಹಾಕಿ. ಆ ಕಡೆಯ ಹುಡುಗಿ ಸಾವಧಾನವಾಗಿ, "ಮಾರೋ ದಿನ ಒಂದು ಕಂಪನಿಗೆ ಇಷ್ಟು ಅಂತ ಸಾರ್. ಒಂದು ಷೇರಾದ್ರೂ ಅಷ್ಟೇ, ಸಾವಿರ ಆದ್ರೂ ಅಷ್ಟೇ" ಎಂದಳು. "ಹಾಗಾದ್ರೆ ನಿಮ್ಮ ಸೊನ್ನೆ ಎಲ್ಲಿ ಹೋಯ್ತಮ್ಮಾ?" ಸ್ವಲ್ಪ ಹೊತ್ತು ಮೌನ. "ಇನ್ನೇನಾದ್ರೂ ಸಹಾಯ ಬೇಕಾ ಸಾರ್?"

ಅಂಚೆ ಕಚೇರಿಯ ಪಾಸ್‌ಬುಕ್ಕಿನಾಚೆ ಪ್ರಪಂಚ ಕಾಣದ ನಾನು ನಗುವ ಹಾಗೂ ಇರಲಿಲ್ಲ.

ಈಗ ಅವರು ಮಾರುವುದನ್ನೇ ಬಿಟ್ಟಿದ್ದಾರೆ. ಎರಡೂವರೆ ರೂಪಾಯಿ ಜಮಾ ಆದ ಎಸ್‌ಎಂಎಸ್ಸನ್ನು ಬೀದಿಗೆಲ್ಲ ತೋರಿಸಿ, ಆ ಖುಷಿಗೆ ಕುಡಿದ ಬೈಟು ಕಾಫಿಯ ದುಡ್ಡನ್ನು ನನ್ನಿಂದ ಕೊಡಿಸುತ್ತಾರೆ. 2020ರ ಏಪ್ರಿಲ್‌ನಿಂದ ಡಿವಿಡೆಂಡಿನ ತೆರಿಗೆ ಷೇರುದಾರರ ತಲೆಗೆ ಬಂತು. ಒಂದು ಕಂಪನಿಯಿಂದ ವರ್ಷಕ್ಕೆ ₹5,000 ದಾಟಿದರೆ (ಈಗ ₹10,000) ನೂರಕ್ಕೆ ಹತ್ತು ಹಿಡಿದುಕೊಳ್ಳುತ್ತಾರೆ. ಯಾವ ಕಂಪನಿಯಿಂದಲೂ ನೂರು ಕಾಣದ ಇವರು ಹಿಡಿಯಬೇಡಿರೆಂದು 15ಎಚ್ ಫಾರಂ ತುಂಬಿ ಕಳಿಸಿದ್ದರು!

ವಾರ್ಷಿಕ ಸಭೆಗಳು ವಿಡಿಯೊದಲ್ಲಿ ನಡೆಯತೊಡಗಿದ ಮೇಲೆ ಒಂದು ಕಂಪನಿಯಲ್ಲಿ ಮಾತಾಡುವ ಷೇರುದಾರರ ಪಟ್ಟಿಗೆ ಹೆಸರು ಕೊಟ್ಟರು. ಒಂದು ಷೇರಿದ್ದರೂ ಹಕ್ಕು ಹಕ್ಕೇ. ಇಸ್ತ್ರಿ ಅಂಗಿ, ವಿಭೂತಿ, ಕೆಳಗೆ ಲುಂಗಿ. ನೆಟ್‌ವರ್ಕ್ ಸಿಗಲೆಂದು ತಾರಸಿಯ ಮೇಲೆ ಫೋನು ಹಿಡಿದು ನಿಂತವನು ನಾನು. ಹೆಸರು ಕರೆದರು. ಇವರು ಡಿವಿಡೆಂಡಿನ ಮಾತೇ ಎತ್ತಲಿಲ್ಲ. "ನಿಮ್ಮ ಫ್ಯಾಕ್ಟರೀಲಿ ಕ್ಯಾಂಟೀನ್ ಊಟ ಹೇಗಿದೆ, ಕಂಟ್ರಾಕ್ಟ್ ಹುಡುಗ್ರಿಗೂ ಹಾಕ್ತೀರಾ?" ಎಂದು ಕೇಳಿದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ದೆಹಲಿಯಲ್ಲಿ ತೀರ್ಮಾನವಾದಾಗ ಇವರನ್ನು ಕೇಳಿದವರಿರಲಿಲ್ಲ. ಸುದ್ದಿ ಪೇಪರಿನಲ್ಲಿ ಓದಿದ್ದರು. ಈಗ ಈ ಕಂಪನಿಯ ಅಧ್ಯಕ್ಷರು, "ಒಳ್ಳೆಯ ಪ್ರಶ್ನೆ" ಎಂದು ಹೆಸರು ಹಿಡಿದು ಉತ್ತರ ಕೊಟ್ಟರು.

ಕೆಳಗಿಳಿಯುವಾಗ ಮೆಟ್ಟಿಲ ಮೇಲೆಯೇ ನಿಂತರು. "ಮೇಷ್ಟ್ರೇ, ನಿಮ್ಮ ಪ್ಯಾನ್ ನಂಬರ್ ಹೇಳಿ. ಅಕೌಂಟ್ ತೆಗೆದು ನಿಮಗೂ ಒಂದು ಹಾಕಿಸ್ತೀನಿ. ಮುಂದಿನ ವರ್ಷ ಇಬ್ರೂ ಕೇಳೋಣ."