ಎಳ್ಳು ಬೀರುವ ಶಾಸ್ತ್ರ: ಒಂದು ಮಹಾಪ್ರಬಂಧದ ಸಂಗ್ರಹ

ಪೀಠಿಕೆ: ಸೂರ್ಯ ಮಕರರಾಶಿಗೆ ಕಾಲಿಡುವ ದಿನ ಹಳೆ ಮೈಸೂರು ಸೀಮೆಯ ಹೆಂಗಸರು, ಮಕ್ಕಳು ತಟ್ಟೆ ಹಿಡಿದು ಬೀದಿಗಿಳಿಯುತ್ತಾರೆ. ಮೊದಲನೆಯ ಚಲನೆಯನ್ನು ಪಂಚಾಂಗದವರು ಗಳಿಗೆ, ವಿಘಳಿಗೆಗಳ ಸಮೇತ ಬರೆದಿಟ್ಟಿದ್ದಾರೆ. ಎರಡನೆಯದರ ಬಗ್ಗೆ ಶಾಸ್ತ್ರವಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಘನೋದ್ದೇಶ.

ಕಾಲನಿರ್ಣಯ: 1863ರಲ್ಲಿ ಸಂಕ್ರಾಂತಿ ಜನವರಿ 12ರಂದು ಬಂದಿತ್ತು, ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಅಂದೇ. ಈಗ ಅದು 14 ಇಲ್ಲವೇ 15ಕ್ಕೆ ಸರಿದಿದೆ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಸುಮಾರು 72 ವರ್ಷಕ್ಕೊಂದು ದಿನ ಹಬ್ಬ ಮುಂದಕ್ಕೆ ಹೋಗುತ್ತಿದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರ ಹೊತ್ತಿಗೇ. ಹಬ್ಬ ಮಾತ್ರ ಮೂರು ವಾರಕ್ಕೂ ಹೆಚ್ಚು ತಡ. ಏಕೆ? ಖಗೋಳಜ್ಞರು ಅಡುಗೆಮನೆಗೆ ಇಣುಕಿದ್ದರೆ ಉತ್ತರ ಸಿಗುತ್ತಿತ್ತು. ಅಲ್ಲಿ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ಬೆಲ್ಲ ಚೂರು ಮಾಡಿ ಬಿಸಿಲಿಗೆ ಹಾಕುವ ಕೆಲಸ ಇನ್ನೂ ಮುಗಿದಿಲ್ಲ. ಸೂರ್ಯ ಕಾಯುತ್ತಿದ್ದಾನೆ. ಮಲ್ಲೇಶ್ವರ, ಗಾಂಧಿ ಬಜಾರುಗಳಲ್ಲಿ ಕಲಸಿದ ಎಳ್ಳೇ ಕಿಲೋ ಲೆಕ್ಕದಲ್ಲಿ ಸಿಗುವ ಈ ಕಾಲದಲ್ಲೂ ಆತ ಬೇಗ ಬಾರದಿರುವುದು ಕೇವಲ ಅಭ್ಯಾಸಬಲ. ಹಬ್ಬದ ಸಂಜೆ ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗವನ್ನು ಮುಟ್ಟಿ ಹಾಜರಿ ಹಾಕುತ್ತಾನೆ.

ದ್ರವ್ಯವಿಚಾರ: ಎಳ್ಳು, ಹುರಿಗಡಲೆ, ಸಿಪ್ಪೆ ತೆಗೆದ ಕಡಲೆಬೀಜ, ಕೊಬ್ಬರಿ, ಬೆಲ್ಲ, ಈ ಐದೂ ಸರ್ವಸಮ್ಮತ. ಆರನೆಯದಾದ ಬಣ್ಣದ ಜೀರಿಗೆ ಪೆಪ್ಪರಮೆಂಟನ್ನು ಹಿರಿಯರು ಪ್ರಕ್ಷಿಪ್ತವೆಂದು ತಳ್ಳಿಹಾಕಿದರೆ, ಮಕ್ಕಳು ಅದೇ ಮೂಲಪಾಠವೆಂದು ಬಗೆದು ಆರಿಸಿ ತಿನ್ನುತ್ತಾರೆ. ಎಳ್ಳಾದರೋ ಡಬ್ಬಿಯ ತಳ ಸೇರಿ ಈ ವಿವಾದದಿಂದ ದೂರ ಉಳಿದಿದೆ.

ಸಕ್ಕರೆ ಅಚ್ಚಿನದು ಪ್ರತ್ಯೇಕ ಅಧ್ಯಾಯ. ಮರದ ಜೋಡಿ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಬಿಗಿದು ಕಟ್ಟಿ, ಪಾಕ ಹೊಯ್ದರೆ ಆನೆ, ಗಿಳಿ, ಬೃಂದಾವನಗಳು ಏಳುತ್ತವೆ. ಸರ್ವಾಂಗಸುಂದರ ಆನೆ ಬೀಗರ ಮನೆಗೆ, ಸೊಂಡಿಲು ಮುರಿದದ್ದು ಪಕ್ಕದ ಮನೆಗೆ, ಪೂರಾ ಪುಡಿಯಾದದ್ದು ಮನೆಯವರ ಕಾಫಿಗೆ. ಬಂಧುತ್ವವನ್ನು ಅಳೆಯಲು ಇಷ್ಟು ನಿಖರವಾದ ಮಾನದಂಡ ಧರ್ಮಶಾಸ್ತ್ರಗಳಲ್ಲೂ ಇಲ್ಲ.

ಪಾಠಾಂತರ: ಉತ್ತರ ಕರ್ನಾಟಕದಲ್ಲಿ ಸಕ್ಕರೆಯ ಮುಳ್ಳುಮುಳ್ಳು ಅಂಗಿ ತೊಟ್ಟ ಕುಸುರೆಳ್ಳು ಕೈಬದಲಾಗುತ್ತದೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಶೇಂಗಾ ಹೋಳಿಗೆಯೂ ಆಗಬೇಕು. ಮಂಡ್ಯ, ಮೈಸೂರು ಕಡೆ ಮೈ ತೊಳೆದು ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ಎಳ್ಳಿನ ವಿಷಯದಲ್ಲಿ ಅವುಗಳ ಅಭಿಪ್ರಾಯ ದಾಖಲಾಗಿಲ್ಲ.

ವಿನಿಮಯ ಸಿದ್ಧಾಂತ: ಎಳ್ಳು ಬೀರಿಸಿಕೊಂಡವರು ತಿರುಗಿ ಬೀರಲೇಬೇಕು. ಹೀಗಾಗಿ ದೀಪ ಹಚ್ಚುವ ಹೊತ್ತಿಗೆ ಮನೆಯಿಂದ ಹೋದಷ್ಟೇ ಎಳ್ಳು ಮನೆಗೆ ಬಂದಿರುತ್ತದೆ. ನಿವ್ವಳ ಲಾಭ ಸೊನ್ನೆ. ಅರ್ಥಶಾಸ್ತ್ರದ ಪ್ರಕಾರ ಅವರವರ ಎಳ್ಳನ್ನು ಅವರವರೇ ತಿಂದು ಮಲಗುವುದು ಲೇಸು. ಆದರೆ ಸಂಪಿನ ನೀರಿಗೋ ಗಾಡಿ ನಿಲ್ಲಿಸುವ ಜಾಗಕ್ಕೋ ಜಗಳವಾಡಿ ಮಾತು ಬಿಟ್ಟ ಎರಡನೇ ಮಹಡಿಯವರ ಬಾಗಿಲು ಬಡಿಯಲು ಇದಕ್ಕಿಂತ ಒಳ್ಳೆಯ ನೆಪ ವರ್ಷದಲ್ಲಿ ಇನ್ನೊಂದಿಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಎನ್ನುತ್ತಾರೆ ನಿಜ. ಬಾಯಿ ತುಂಬ ಕೊಬ್ಬರಿ, ಕಡಲೆಬೀಜ ಇರುವಾಗ ಕೆಟ್ಟ ಮಾತೂ ಹೊರಡುವುದಿಲ್ಲವೆಂಬುದು ಈ ವ್ಯವಸ್ಥೆಯ ಗುಟ್ಟು.

ಉಳಿದ ಸಮಸ್ಯೆ: ಬೆಳಿಗ್ಗೆ ಬೀರಿದ, ರೆಕ್ಕೆಯ ಬಳಿ ಸೀಳು ಬಿಟ್ಟ ಸಕ್ಕರೆ ಗಿಳಿ ಮೂರು ಮನೆ ಸುತ್ತಿ ಸಂಜೆ ತವರಿಗೇ ಮರಳಿದರೆ ಏನು ಮಾಡತಕ್ಕದ್ದು? ಗುರುತು ಹಿಡಿಯಬಾರದೆಂದು ಒಂದು ಪಂಥ. "ಎಷ್ಟು ಚೆನ್ನಾಗಿದೆ ರೀ, ನೀವೇ ಮನೇಲಿ ಮಾಡಿದ್ದಾ?" ಎಂದು ಕೇಳಿ, ಉತ್ತರಕ್ಕಾಗಿ ಮುಖವನ್ನೇ ನೋಡುತ್ತ ನಿಲ್ಲಬೇಕೆಂದು ಇನ್ನೊಂದು.