'ಇದು ಹಣ್ಣಾಗಿದೆಯಾ ಸಾರ್?'

ತಾರಸಿಯ ಮೇಲೆ ಬೀಜ ಹಾಕಿ ಹಳದಿ ಟೊಮೆಟೊ ಬೆಳೆಸುವ ಮಹನೀಯರು ಅದನ್ನು ತಿನ್ನುವುದಕ್ಕೆ ಬೆಳೆಸುತ್ತಾರೆ ಎಂದು ಯಾರಾದರೂ ನಂಬಿದ್ದರೆ, ಅವರು ಇನ್ನೂ ಆ ಮಹಡಿ ಹತ್ತಿಲ್ಲ ಎಂದೇ ಅರ್ಥ. ಬೆಳೆಸುವುದು ಒಂದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ. ಕೆಂಪು ಟೊಮೆಟೊ ಮಾಗಿದ್ದು ಕಣ್ಣಿಗೇ ಗೊತ್ತಾಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಹಳದಿಯದು ಪೂರ್ತಿ ಮಾಗಿದ ಮೇಲೂ ಇನ್ನೆರಡು ದಿನ ಬಿಡಬೇಕೇನೋ ಅನ್ನಿಸುವ ಮುಖ. ಕಾಫಿ ಲೋಟ ಹಿಡಿದು ಮೇಲೆ ಬಂದ ಅತಿಥಿ ಸೌಜನ್ಯಕ್ಕೆ 'ಇದು ಹಣ್ಣಾಗಿದೆಯಾ ಸಾರ್?' ಅನ್ನುತ್ತಾನೆ. ಅಲ್ಲಿಗೆ ಕಾಫಿ ಆರಿತು. ಇಟಲಿಯ ಸಸ್ಯಶಾಸ್ತ್ರಜ್ಞ ಮತ್ತಿಯೋಲಿ 1544ರಲ್ಲಿ ಈ ಹಣ್ಣಿನ ಬಗ್ಗೆ ಬರೆದಾಗ ಮಾಗಿದ ಬಣ್ಣ ಚಿನ್ನದ್ದು ಅಂದಿದ್ದ ಎಂಬಲ್ಲಿಂದ ಶುರು. ಲೈಕೋಪೀನ್ ತಯಾರಾಗುವ ದಾರಿಯಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಕೆಂಪು ಬರುವುದಿಲ್ಲ. ಅದು ರೆಸೆಸಿವ್ ಗುಣ, ತಾಯಿ ತಂದೆ ಇಬ್ಬರಿಂದಲೂ ಬರಬೇಕು. (ಕೆಟ್ಟಿರುವ ಜೀನ್ ಎಂದು ಅವರು ಹೇಳಬಹುದು, ಅತಿಥಿ ಹೇಳಕೂಡದು.) ಬೀಜದ ಸುತ್ತಲಿನ ಲೋಳೆ ಹೋಗಲು ಎರಡು ಮೂರು ದಿನ ನೀರಿನಲ್ಲಿ ಹುಳಿಸಬೇಕು, ಆ ವಾಸನೆಗೆ ಮನೆಯಾಕೆ ಏನಂದರು, ಮೊಸರಿನ ಖಾಲಿ ಡಬ್ಬಿಗೆ ತೂತು ಎಲ್ಲಿ ಮಾಡಬೇಕು, ಇವೆಲ್ಲ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಶುದ್ಧ ಸಸ್ಯಾಹಾರಿಯಾದರೂ ಗೊಬ್ಬರಕ್ಕೆ ಬೇಕಾದ ಪಕ್ಕದ ಮನೆಯ ಮೊಟ್ಟೆ ಚಿಪ್ಪಿಗೆ ಮಡಿ ಇಲ್ಲ ಎಂಬುದು ಇಳಿಯುವಾಗ ಮೆಟ್ಟಿಲ ಮೇಲೆ ತಿಳಿಯುತ್ತದೆ.

ರುಚಿಗಾಗಿ ಬೆಳೆಸುತ್ತಾರೆ ಎಂಬ ವಾದವಿದೆ. ಆದರೆ ಆ ಮನೆಯ ಸಾರಿಗೆ ಬೀಳುವುದು ಅಂಗಡಿಯ ಕೆಂಪು ಟೊಮೆಟೊ. ಹಳದಿಯದು ಹಾಕಿದರೆ ಸಾರು ಬಣ್ಣಗೆಟ್ಟು ಕಾಣುತ್ತದೆ. ಹಳದಿಯಲ್ಲಿ ಹುಳಿ ಕಡಿಮೆ ಅನ್ನುವುದೂ ಎಲ್ಲ ಕಡೆ ನಿಲ್ಲುವ ಮಾತಲ್ಲ, ಹುಳಿ ತಳಿಗೆ ಸೇರಿದ್ದು, ಬಣ್ಣಕ್ಕಲ್ಲ. ವಿಷವಿಲ್ಲದ ತರಕಾರಿ ಬೇಕೆಂದರೆ ಕೆಂಪು ಗಿಡಕ್ಕೂ ಬೇವಿನೆಣ್ಣೆಯನ್ನೇ ಹೊಡೆಯಬಹುದಿತ್ತು. ಇನ್ನು ಉಳಿತಾಯ: 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಊರೆಲ್ಲ ಹುಣಸೆಹಣ್ಣಿಗೆ ತಿರುಗಿತು. ಆದರೆ ಕುಂಡ, ಕೋಕೋಪೀಟ್, ಎರೆಗೊಬ್ಬರಗಳ ಲೆಕ್ಕ ಹಾಕಿದರೆ ಇವರ ಹಣ್ಣಿಗೆ ಆ ಬೆಲೆ ಯಾವ ತಿಂಗಳಲ್ಲೂ ಇಳಿದದ್ದೇ ಇಲ್ಲ. ಬೆಲೆ ಕುಸಿದು ಕೋಲಾರದ ಕಡೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವಾಗಲೂ ಇವರ ಉತ್ಸಾಹ ಒಂದು ಗ್ರಾಮ್ ಇಳಿಯುವುದಿಲ್ಲ.

ಮೆಚ್ಚುಗೆಯೇ ಗುರಿಯಾದರೆ ಆರ್ಕಿಡ್ ಬೆಳೆಸಬಹುದಿತ್ತಲ್ಲ ಎಂದು ಕೇಳಬಹುದು. ಆರ್ಕಿಡ್ ನೋಡಿದವರು 'ಚೆನ್ನಾಗಿದೆ' ಎಂದು ಮುಂದೆ ಹೋಗುತ್ತಾರೆ. ಹೊಗಳಿಕೆಗೆ ಉತ್ತರ ಬೇಕಿಲ್ಲ, ಪ್ರಶ್ನೆಗೆ ಬೇಕು. ಕಡತದ ಮೇಲೆ ಅಭಿಪ್ರಾಯ ಬರೆದು ಬರೆದು ನಿವೃತ್ತರಾದವರನ್ನು ಆಮೇಲೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ ಕರಿಬೇವು ಕೇಳುವ ಕಾಲವೂ ಹೋಯಿತು, ಹತ್ತು ನಿಮಿಷದಲ್ಲಿ ಹುಡುಗ ತಂದುಕೊಡುತ್ತಾನೆ. ಹಾಗಿರುವಾಗ, ಒಬ್ಬ ಮನುಷ್ಯ ಇನ್ನೊಬ್ಬನಿಂದ ಉತ್ತರ ಬಯಸುವಂತೆ ಮಾಡುವ ಗಿಡವನ್ನು ಕಂಡು ಅಷ್ಟು ಸುಲಭವಾಗಿ ನಗುವಂತಿಲ್ಲ. ಬೀಜದ ವಿಷಯದಲ್ಲಂತೂ ಅವರ ಮಾತು ಸರಿಯೇ: ಟೊಮೆಟೊ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದ್ದರಿಂದ ಹೈಬ್ರಿಡ್ ಅಲ್ಲದ ಹಣ್ಣಿನ ಬೀಜ ಹಾಕಿದರೆ ಅದೇ ಹಣ್ಣು ಮತ್ತೆ ಬರುತ್ತದೆ. ಪ್ರತಿ ವರ್ಷ ಅಂಗಡಿಗೆ ಹೋಗಬೇಕಿಲ್ಲ, ಹತ್ತು ಜನಕ್ಕೆ ಹಂಚಬಹುದು.

ಹಂಚುತ್ತಾರೆ ಕೂಡ, ತೊಂದರೆ ಅಲ್ಲಿಂದಲೇ ಶುರು. ಮೊಸರಿನ ಡಬ್ಬಿಯಲ್ಲಿ ಸಸಿ ಕೈಗೆ ಬಂತೆಂದರೆ ಇನ್ನು ಪ್ರಶ್ನೆ ಕೇಳುವವರು ಅವರು, ಉತ್ತರ ಕೊಡುವವರು ನಾವು. ಚಿಗುರಿತಾ, ಕೋಲು ಕಟ್ಟಿದಿರಾ, ಎಲೆಯಲ್ಲಿ ರಂಗೋಲಿ ಹುಳು ಇದೆಯಾ ಎಂದು ಬೆಳಿಗ್ಗೆಯೇ ಫೋನು. ಗಿಡ ಸತ್ತಿತು ಎಂದರೆ ಸಂಜೆಗೆ ಇನ್ನೊಂದು ಡಬ್ಬಿ ಬರುತ್ತದೆ. ಚೆನ್ನಾಗಿದೆ ಎಂದರೆ ನೋಡಲು ಅವರೇ ಬರುತ್ತಾರೆ.