ಮಿಸ್‌ಗೆ ಮನಾಲಿ ಫ್ರೀ

ಬೆಂಗಳೂರಿನ ದೊಡ್ಡ ಫೀಸಿನ ಶಾಲೆಗಳಿಗೆ ಬೇಲೂರು, ಹಳೇಬೀಡು ಹಳಸಿ ಬಹಳ ಕಾಲವಾಯಿತು. ತಪ್ಪು ಹೊಯ್ಸಳರದೇ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಇವತ್ತಿಗೂ ಅಲ್ಲೇ ನಿಂತಿದ್ದಾನೆ, ಮುಂದಿನ ವರ್ಷವೂ ನಿಂತಿರುತ್ತಾನೆ. ಕರಗದ ಕಲ್ಲು ನೋಡಲು ಯಾರು ಆತುರಬಿದ್ದು ಅಡ್ವಾನ್ಸ್ ಕಟ್ಟುತ್ತಾರೆ? ಅದಕ್ಕೇ ಡಿಸೆಂಬರ್ ಬಂತೆಂದರೆ ಮಕ್ಕಳನ್ನು ವಿಮಾನದಲ್ಲಿ ಚಂಡೀಗಢಕ್ಕೆ ಹಾರಿಸಿ, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿ ಮನಾಲಿಗೆ ಮುಟ್ಟಿಸುತ್ತಾರೆ. ಹಿಮ ತೋರಿಸಿದರೆ ಅದು ‘ಅನುಭವಾತ್ಮಕ ಕಲಿಕೆ’. ಶಿಲಾಬಾಲಿಕೆ ತೋರಿಸಿದರೆ ಬರೀ ಟೂರು.

ಸರ್ಕ್ಯುಲರಿನ ಮೇಲೆ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್‌ನ ಬಣ್ಣದ ಚಿತ್ರ. ಚಳಿಗಾಲದಲ್ಲಿ ಆ ದಾರಿಯನ್ನು ಹಿಮವೇ ಮುಚ್ಚುತ್ತದೆ ಎಂಬ ಸಂಗತಿ ಭೂಗೋಳದ ಪಾಠಕ್ಕೆ ಸೇರಿದ್ದು, ಸರ್ಕ್ಯುಲರಿಗಲ್ಲ. ತೆರೆದಿದ್ದಾಗಲೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿನಕ್ಕೆ 1,200 ಪ್ರವಾಸಿ ವಾಹನಗಳ ಮಿತಿ ಹಾಕಿತ್ತು. ಇದನ್ನೆಲ್ಲ ಬಿಡಿಸಿ ಹೇಳಲು ಜಾಗ ಸಾಲದೆ, ಮೂಲೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ‘ಹವಾಮಾನಕ್ಕೆ ಒಳಪಟ್ಟು’ ಎಂದು ಬರೆದಿರುತ್ತಾರೆ. ಕೊನೆಗೆ ಮಕ್ಕಳಿಗೆ ಸಿಗುವುದು ಸೋಲಂಗ್ ಕಣಿವೆ. ಅಲ್ಲೂ ಹಿಮ ಬೀಳದಿದ್ದರೆ 2020ರಲ್ಲಿ ಉದ್ಘಾಟನೆಯಾದ 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಸಿಸ್ಸುವಿನಲ್ಲಿ ಹುಡುಕಾಟ. 2024ರ ಜನವರಿಯಲ್ಲಂತೂ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರುಗಳೇ ಬೋಳಾಗಿದ್ದವು. ಹಿಮ ಕೈಕೊಡಬಹುದು, ಪ್ಯಾಕೇಜಿನ ಹಣ ಮಾತ್ರ ವಾಪಸಿಲ್ಲ.

ಇಷ್ಟಕ್ಕೆಲ್ಲ ಜೊತೆಗೆ ಹೋಗುವವರು ಮಿಸ್. “ನಿಮಗೆ ಪೂರ್ತಿ ಫ್ರೀ ಮೇಡಂ, ಅದೃಷ್ಟ ಮಾಡಿದ್ರಿ,” ಎನ್ನುತ್ತಾರೆ ಪ್ರಿನ್ಸಿಪಾಲರು. ನಿಜ, ಎಷ್ಟೊಂದು ಫ್ರೀ! ಕುಲುವಿನ ತಿರುವುಗಳಲ್ಲಿ ವಾಂತಿಗೆ ಕವರು ಹಿಡಿಯುವುದು ಫ್ರೀ. ನಡುರಾತ್ರಿ ಹೋಟೆಲ್ಲಿನ ಕಾರಿಡಾರಿನಲ್ಲಿ ಕಾವಲು ಫ್ರೀ. ಮನೆಯಲ್ಲಿ ಬಿಟ್ಟುಬಂದ ತನ್ನ ಮಗುವಿಗೆ ಜ್ವರ ಎಂಬ ಸುದ್ದಿಯೂ ಫ್ರೀ.

ಹಿಮದ ಹತ್ತಿರ ಬಂದರೆ ಬಾಡಿಗೆ ಕೋಟು, ಗಮ್‌ಬೂಟು. ಒಂದೇ ಅಂಗಡಿಯ ಒಂದೇ ಬಣ್ಣದ ಕೋಟಿನೊಳಗೆ ಎಲ್ಲ ಮಕ್ಕಳೂ ಒಂದೇ. ಮಿಸ್ ತಲೆ ಎಣಿಸುತ್ತಾರೆ, ಲೆಕ್ಕ ಸರಿಯಾಗುತ್ತದೆ. ಆಮೇಲೆ ನೋಡಿದರೆ ಕೊನೆಯ ತಲೆ ದೆಹಲಿಯ ಶಾಲೆಯದು!

ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗುಂಪು ಎಚ್ಚರಗೊಳ್ಳುತ್ತದೆ. “ಮಿಸ್, ನಮ್ಮ ಆರ್ಯನ್ ಅರ್ಧ ಮಾತ್ರ ಕಾಣ್ತಿದ್ದಾನೆ, ಇನ್ನೊಂದು ಫೋಟೋ ತೆಗೀರಿ.” “ಮಿಸ್, ಅವಳಿಗೆ ಮಫ್ಲರ್ ಸುತ್ತಿ, ಆದರೆ ಫೋಟೋದಲ್ಲಿ ಮುಖ ಕಾಣ್ಲಿ.” “ಮಿಸ್, ಹಿಮ ತುಂಬ ತಣ್ಣಗಿದೆ ಅಂತ ಮಗಳು ಅಳ್ತಿದ್ದಾಳೆ, ಸ್ವಲ್ಪ ವಿಚಾರಿಸ್ತೀರಾ?” ಯಾರನ್ನು ವಿಚಾರಿಸಬೇಕೆಂದು ಆ ತಾಯಿ ತಿಳಿಸಿರುವುದಿಲ್ಲ.

ನಗು ಇಲ್ಲಿಗೆ ಸಾಕು. ಸುಮಾರು 2,500 ಮೀಟರ್ ದಾಟಿದರೆ ಕೆಲವರಿಗೆ ಎತ್ತರದ ಕಾಯಿಲೆ ಕಾಡುತ್ತದೆ: ತಲೆನೋವು, ವಾಕರಿಕೆ, ಸುಸ್ತು. ಅಟಲ್ ಸುರಂಗದ ಬಾಯಿಯೇ ಮೂರು ಸಾವಿರ ಮೀಟರಿನ ಮೇಲಿದೆ. ಮಗುವಿನ ತಲೆನೋವು ಎತ್ತರದ್ದೋ, ನಿದ್ದೆಗೆಟ್ಟಿದ್ದೋ, ಬೆಳಿಗ್ಗೆ ತಿಂದ ಮ್ಯಾಗಿಯದೋ ಎಂದು ತೀರ್ಮಾನಿಸಬೇಕಾದವರು ಬಿ.ಎಡ್. ಓದಿದ ಕನ್ನಡದ ಮಿಸ್. ಲಕ್ಷಣ ಹೆಚ್ಚಿದರೆ ಕೆಳಗಿಳಿಸುವುದೇ ಮೊದಲ ಮದ್ದು. ಆದರೆ ಬಸ್ಸು ಟೂರ್ ಮ್ಯಾನೇಜರನದು. ಅವನ ಪಟ್ಟಿಯಲ್ಲಿ ಮಧ್ಯಾಹ್ನಕ್ಕೆ ಇನ್ನೂ ಜಾರುಬಂಡಿ, ಯಾಕ್ ಸವಾರಿ ಬಾಕಿ. ಪ್ರಿನ್ಸಿಪಾಲರಿಗೆ ಫೋನ್ ಮಾಡಿದರೆ ಸಿಗುವ ಉತ್ತರ, “ನೀವೇ ಅಡ್ಜಸ್ಟ್ ಮಾಡಿ ಮೇಡಂ.”

ಹೊರಡುವ ಮುಂಚೆ ಪೋಷಕರಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ: ಏನಾದರೂ ಆದರೆ ಶಾಲೆಯ ಜವಾಬ್ದಾರಿಯಲ್ಲ. ಟೂರ್ ಕಂಪನಿಯ ರಸೀದಿಯ ಹಿಂಬದಿಯಲ್ಲೂ ಅದೇ ಮಾತು. ಹೀಗೆ ಎಲ್ಲರೂ ನಯವಾಗಿ ಕಳಚಿಕೊಂಡ ಮೇಲೆ ಉಳಿಯುವವರು, ಆ ಬೆಟ್ಟದ ಮೇಲೆ ಯಾವುದಕ್ಕೂ ಅಧಿಕಾರವಿಲ್ಲದ ಮಿಸ್ ಒಬ್ಬರೇ.

ಒಪ್ಪಿಗೆ ಪತ್ರಕ್ಕೆ ಇನ್ನೊಂದು ಸಾಲು ಸೇರಿಸಲಿ: ಮಿಸ್ ‘ಸಾಕು’ ಎಂದರೆ ಬಸ್ಸು ತಿರುಗಬೇಕು. ಈ ಸಾಲಿಗೆ ನಯಾಪೈಸೆ ಖರ್ಚಿಲ್ಲ. ಯಾರಿಗೂ ಲಾಭವೂ ಇಲ್ಲದ್ದರಿಂದಲೇ ಇರಬೇಕು, ಪ್ಯಾಕೇಜಿನಲ್ಲಿ ಅದು ಸೇರಿರುವುದಿಲ್ಲ.